ಅಪ್ಪನ ನೋಟ್ ಬುಕ್ಕಿನಲ್ಲಿ ಸಣ್ಣಗಾದ ಅಕ್ಷರ

ಹೋದ ತಿಂಗಳು ಅಟ್ಟ ಗುಡಿಸುವಾಗ ಅಪ್ಪನ ಹಳೇ ನೋಟ್ ಬುಕ್ಕುಗಳು ಸಿಕ್ಕವು. ಅಪ್ಪ ನಮ್ಮೂರ ಹಾಲಿನ ಡೇರಿಯಲ್ಲಿ 22 ವರ್ಷ ಕಾರ್ಯದರ್ಶಿ ಆಗಿದ್ದ. ಡೇರಿಯ ಅಸಲಿ ಲೆಕ್ಕದ ಪುಸ್ತಕ ಡೇರಿಯಲ್ಲೇ ಇರುತ್ತೆ. ಇವು ಮನೆಯಲ್ಲಿ ತಾಳೆ ನೋಡೋಕೆ ಅಂತ ಅಪ್ಪ ಬರೆದಿಟ್ಟುಕೊಳ್ಳುತ್ತಿದ್ದ ಉದ್ದ ಪುಸ್ತಕಗಳು. ಹೆಸರು, ಬೆಳಗಿನ ಹಾಲು, ಸಂಜೆ ಹಾಲು, ಫ್ಯಾಟು, ಬಟವಾಡೆ.

ಧೂಳು ಕೊಡವಿ ಒಂದೊಂದೇ ತೆಗೆದು ನೋಡಿದೆ. 2011ರ ಪುಸ್ತಕದಲ್ಲಿ ಅಕ್ಷರ ದುಂಡಗೆ, ಗೆರೆಯಿಂದ ಗೆರೆಗೆ ತುಂಬಿಕೊಂಡಿವೆ. 2015ರದ್ದರಲ್ಲಿ ಸ್ವಲ್ಪ ಸಣ್ಣ. 2018ರದ್ದರಲ್ಲಿ ಸಾಲು ಶುರುವಾಗುವಾಗ ಒಂದು ಅಳತೆ, ಮುಗಿಯುವಷ್ಟರಲ್ಲಿ ಇರುವೆ ಹರಿದಂಗೆ. ಪೇಪರಿನವರ ಭಾಷೆಯಲ್ಲಿ ಹೇಳೋದಾದರೆ, 14 ಪಾಯಿಂಟಿನ ಅಕ್ಷರ 6 ಪಾಯಿಂಟಿಗೆ ಇಳಿದಿತ್ತು.

ನಾನು ಸ್ಟ್ರಿಂಗರ್. ಎಲ್ಲಿ ಏನು ಬದಲಾಯ್ತು ಅಂತ ಗಮನಿಸೋದೇ ನನ್ನ ಹೊಟ್ಟೆಪಾಡು. ಯಾವ ಊರಿನ ಕೆರೆ ಏರಿ ಬಿರುಕು ಬಿಟ್ಟಿದೆ, ಯಾವ ಶಾಲೆ ಸೂರು ಸೋರುತ್ತೆ, ಎಲ್ಲ ನನಗೆ ಗೊತ್ತು. ನಮ್ಮನೆ ಅಟ್ಟದ ಮೇಲೆ ಏಳು ವರ್ಷದ ಸುದ್ದಿ ಬಿದ್ದಿತ್ತು, ಅದು ಗೊತ್ತಿರಲಿಲ್ಲ.

ಆ 2018ರಲ್ಲಿ ಏನಾಯ್ತು ಅಂತ ಮೊದಲು ಹೇಳಿಬಿಡ್ತೀನಿ. ಡೇರಿಯಲ್ಲಿ ಅಪ್ಪನ ಕೈಯಿಂದ ಸ್ಯಾಂಪಲ್ ಬಾಟಲಿ ಜಾರಿ ಬಿದ್ದು ಒಡೆಯಿತು. ಒಂದು ಸಲ ಅಲ್ಲ, ಮೂರು ಸಲ. ಕಾರ್ಡಿನಲ್ಲಿ ಬರೆದ ಅಂಕಿ ಯಾರಿಗೂ ಓದೋಕಾಗುತ್ತಿರಲಿಲ್ಲ. ನಡೆಯುವಾಗ ಕಾಲು ಎಳೆಯುತ್ತಿದ್ದ. ಮಾತು ಮೆತ್ತಗಾಗಿತ್ತು. ಬಟವಾಡೆ ದಿನ ಜಗಲಿ ಮೇಲೆ ಒಬ್ಬರು ಅಂದರಂತೆ, "ಸೆಕ್ರೆಟರಿ ಬೆಳಿಗ್ಗೇನೇ ಹಾಕ್ಕೊಂಡು ಬರ್ತಾನೆ." ಊರಲ್ಲಿ ಮಾತು ಹಬ್ಬೋಕೆ ಪೇಪರ್ ಬೇಕಿಲ್ಲ.

ಆ ರಾತ್ರಿ ನಾನೇ ಕೇಳಿದೆ. "ಅಪ್ಪ, ನಿಜ ಹೇಳು. ಕುಡೀತಿದ್ದೀಯಾ?"

ಅಪ್ಪ ತನ್ನ ಎಡಗೈನ ಬಲಗೈಲಿ ಹಿಡಕೊಂಡು, "ಕೈ ನನ್ನ ಮಾತು ಕೇಳ್ತಿಲ್ಲ ಕಣೋ" ಅಂದ. ನಾನು, "ಮರ್ಯಾದೆ ತೆಗೀಬೇಡ" ಅಂದೆ. ಮುಂದಿನ ತಿಂಗಳು ಅಪ್ಪ ಕೆಲಸ ಬಿಟ್ಟ. ಯಾಕೆ ಅಂತ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಒಂದು ವರ್ಷ 'ನರ ದೌರ್ಬಲ್ಯ' ಅಂತ ಇಂಜೆಕ್ಷನ್, ಟಾನಿಕ್ಕು ನಡೆದವು. 2019ರಲ್ಲಿ ಬೆಂಗಳೂರಿಗೆ ಕರಕೊಂಡು ಹೋದೆ. ಅಲ್ಲಿನ ನರರೋಗದ ಡಾಕ್ಟರಮ್ಮ ಅಪ್ಪನಿಗೆ ಹೆಬ್ಬೆರಳು ತೋರುಬೆರಳು ತಟ್ಟೋಕೆ ಹೇಳಿದರು, ಕಾರಿಡಾರಿನಲ್ಲಿ ನಡೆಸಿದರು, ಒಂದು ಬಿಳಿ ಹಾಳೆ ಕೊಟ್ಟು ನಾಲ್ಕು ಸಾಲು ಬರೆಸಿದರು. ನಡೆಯುವಾಗ ಎಡಗೈ ಬೀಸುತ್ತಿಲ್ಲ ಅಂತ ನನಗೆ ತೋರಿಸಿದರು. ಅಷ್ಟು ದಿನ ಒಂದೇ ಮನೇಲಿದ್ದೂ ನಾನದನ್ನ ನೋಡಿರಲಿಲ್ಲ.

"ಪಾರ್ಕಿನ್ಸನ್" ಅಂದರು. "ಮೆದುಳಿನ ಒಳಗೆ, ಕಾಂಡದ ಮೇಲ್ಭಾಗದಲ್ಲಿ, ಕಪ್ಪಗೆ ಕಾಣೋ ಸಣ್ಣ ಜಾಗ ಇದೆ. ಅಲ್ಲಿನ ಜೀವಕೋಶಗಳು ಡೋಪಮೈನ್ ಅನ್ನೋ ರಾಸಾಯನಿಕ ಮಾಡ್ತವೆ. ಕೈಕಾಲು ಸಲೀಸಾಗಿ ಆಡೋಕೆ ಅದು ಬೇಕು. ಆ ಕೋಶಗಳು ಸಾಯ್ತಾ ಇವೆ."

"ಯಾಕೆ ಮೇಡಂ?"

"ಕಾರಣ ಒಂದೇ ಅಲ್ಲ. ಆದರೆ ಒಂದು ದೊಡ್ಡ ಕಾರಣ, ತಮ್ಮೊಳಗೆ ಕೆಟ್ಟುಹೋದ ಮೈಟೊಕಾಂಡ್ರಿಯಗಳನ್ನ ಅವು ಸರಿಯಾಗಿ ವಿಲೇವಾರಿ ಮಾಡೋಕಾಗಲ್ಲ. ನೀವು ಪತ್ರಕರ್ತರು ಅಂದ್ರಲ್ಲ, ಓದಿ ನೋಡಿ."

ವಿಲೇವಾರಿ ಅಂದ ತಕ್ಷಣ ನನಗೆ ಪಂಚಾಯಿತಿ ಕಸದ ಗಾಡಿ ನೆನಪಾಯ್ತು. ಅವತ್ತಿಂದ ಓದ್ತಾ ಬಂದಿದ್ದೀನಿ. ಓದಿದ್ದರಲ್ಲಿ ನನಗೆ ದಕ್ಕಿದ್ದನ್ನ ನಿಮಗೆ ಹೇಳ್ತೀನಿ.

ಶಾಲೆಯಲ್ಲಿ ಜೀವಕೋಶದ ಚಿತ್ರ ಬರೆದದ್ದು ನೆನಪಿದೆಯಾ? ಒಳಗೆ ಕಡಲೆಕಾಯಿ ಥರ ಒಂದಷ್ಟು ಆಕಾರ ಬರೆದು 'ಮೈಟೊಕಾಂಡ್ರಿಯ, ಜೀವಕೋಶದ ಶಕ್ತಿ ಕೇಂದ್ರ' ಅಂತ ಗುರುತು ಹಾಕುತ್ತಿದ್ದೆವು. ನಾವು ತಿಂದ ಮುದ್ದೆಯ ಸಾರವನ್ನೂ ಉಸಿರಾಡಿದ ಆಮ್ಲಜನಕವನ್ನೂ ಸೇರಿಸಿ, ಕೋಶಕ್ಕೆ ಬೇಕಾದ ಶಕ್ತಿ ಮಾಡಿಕೊಡೋದು ಅವೇ. ನಮ್ಮ ಮೆದುಳು ದೇಹದ ತೂಕದಲ್ಲಿ ಶೇ. 2ರಷ್ಟು ಮಾತ್ರ. ಆದರೆ ಸುಮ್ಮನೆ ಕೂತಿದ್ದಾಗಲೂ ದೇಹ ಬಳಸುವ ಆಮ್ಲಜನಕದಲ್ಲಿ ಸುಮಾರು ಶೇ. 20 ಅದಕ್ಕೇ ಹೋಗುತ್ತೆ. ಹಾಗಾಗಿ ಮೆದುಳಿನ ಕೋಶಗಳಲ್ಲಿ ಈ ಶಕ್ತಿ ಕೇಂದ್ರಗಳಿಗೆ ಬಿಡುವಿಲ್ಲ.

ಕೆಲಸ ಮಾಡೋ ಯಂತ್ರ ಸವೆಯುತ್ತೆ. ಶಕ್ತಿ ತಯಾರಿಸುವಾಗ ಮೈಟೊಕಾಂಡ್ರಿಯದೊಳಗೆ ಚೂರುಪಾರು ಕಿಡಿ ಹಾರುತ್ತೆ, ಅಂದರೆ ಸಿಕ್ಕಿದ್ದನ್ನೆಲ್ಲ ಕೆಡಿಸೋ ಆಮ್ಲಜನಕದ ಕಣಗಳು ಹುಟ್ಟುತ್ತವೆ. ಅವು ಮೈಟೊಕಾಂಡ್ರಿಯದ ಗೋಡೆಯನ್ನೂ, ಅದರದ್ದೇ ಆದ ಪುಟ್ಟ ಡಿಎನ್‌ಎಯನ್ನೂ ಹಾಳು ಮಾಡುತ್ತವೆ. ಕೆಟ್ಟ ಮೈಟೊಕಾಂಡ್ರಿಯ ಸುಮ್ಮನೆ ಬಿದ್ದಿದ್ದರೆ ತೊಂದರೆ ಇರಲಿಲ್ಲ. ಅದು ಕಪ್ಪು ಹೊಗೆ ಬಿಡೋ ಹಳೇ ಟ್ರ್ಯಾಕ್ಟರ್ ಥರ, ಶಕ್ತಿ ಕಡಿಮೆ ಕೊಟ್ಟು ಕಿಡಿ ಜಾಸ್ತಿ ಹಾರಿಸುತ್ತೆ. ಅದನ್ನ ಎತ್ತಿ ಸಾಗಿಸಲೇಬೇಕು.

ಚರ್ಮದ ಕೋಶವಾದರೆ ಕೆಲವು ವಾರದಲ್ಲಿ ಉದುರಿ ಹೊಸದು ಬರುತ್ತೆ. ಕರುಳಿನ ಒಳಪದರದ್ದು ಕೆಲವೇ ದಿನಕ್ಕೆ ಬದಲಾಗುತ್ತೆ. ಮೆದುಳಿನ ನರಕೋಶಗಳಲ್ಲಿ ಬಹುಪಾಲು ಹಾಗಲ್ಲ. ಹುಟ್ಟುವಾಗ ಇದ್ದದ್ದೇ ಸಾಯುವ ತನಕ. ನಮ್ಮಪ್ಪನಿಗೆ ಈಗ 67 ವರ್ಷ ಅಂದರೆ ಅವನ ನರಕೋಶಗಳಿಗೂ ಅಷ್ಟೇ ವಯಸ್ಸು. ಮನೆ ಬದಲಾಯಿಸೋಕಾಗಲ್ಲ. ಇರೋ ಮನೆಯನ್ನೇ ದಿನಾ ಗುಡಿಸಿಕೊಂಡು, ಒಳಗಿನ ಸಾಮಾನು ಬದಲಾಯಿಸಿಕೊಂಡು ಬಾಳಬೇಕು.

ಆ ಗುಡಿಸುವ ಕೆಲಸ ಹೇಗೆ ನಡೆಯುತ್ತೆ ಅಂತ ಓದಿದಾಗ ನಾನು ಬೆರಗಾದೆ.

ಕೋಶದಲ್ಲಿ 'ಪಿಂಕ್-1' ಅನ್ನೋ ಒಂದು ಪ್ರೋಟೀನ್ ಸದಾ ತಯಾರಾಗುತ್ತಿರುತ್ತೆ. ಮೈಟೊಕಾಂಡ್ರಿಯ ಚೆನ್ನಾಗಿದ್ದರೆ, ಅದರ ಒಳಗೋಡೆಯಲ್ಲಿ ವಿದ್ಯುತ್ತಿನ ಒತ್ತಡ ಇರುತ್ತೆ. ಆ ಒತ್ತಡ ಪಿಂಕ್-1ನ್ನು ಒಳಗೆ ಎಳೆದುಕೊಳ್ಳುತ್ತೆ, ಅಲ್ಲಿ ಅದು ತುಂಡಾಗಿ ನಾಶವಾಗುತ್ತೆ. ಬಾಗಿಲಲ್ಲಿ ಏನೂ ಉಳಿಯಲ್ಲ. ಮೈಟೊಕಾಂಡ್ರಿಯ ಕೆಟ್ಟರೆ ಆ ಒತ್ತಡ ಇಳಿಯುತ್ತೆ, ಎಳೆದುಕೊಳ್ಳೋ ಶಕ್ತಿ ಇರಲ್ಲ. ಪಿಂಕ್-1 ಹೊರಬಾಗಿಲಲ್ಲೇ ಗುಡ್ಡೆ ಬೀಳುತ್ತೆ. ಮನೆಯೊಳಗೆ ಯಾರೂ ಓಡಾಡ್ತಿಲ್ಲ ಅಂತ ಬಾಗಿಲಲ್ಲಿ ಹಾಗೇ ಬಿದ್ದಿರೋ ಹಾಲಿನ ಪ್ಯಾಕೆಟ್ಟು, ಪೇಪರು ನೋಡಿ ಗೊತ್ತಾಗಲ್ವಾ, ಹಾಗೆ.

ಆ ಗುಡ್ಡೆ 'ಪಾರ್ಕಿನ್' ಅನ್ನೋ ಇನ್ನೊಂದು ಪ್ರೋಟೀನನ್ನ ಕರೆಯುತ್ತೆ. ಪಾರ್ಕಿನ್ ಬಂದು ಕೆಟ್ಟ ಮೈಟೊಕಾಂಡ್ರಿಯದ ಮೈತುಂಬ ಪುಟ್ಟ ಚೀಟಿಗಳನ್ನ ಅಂಟಿಸುತ್ತೆ. ಆ ಚೀಟಿಗೆ ಯುಬಿಕ್ವಿಟಿನ್ ಅಂತ ಹೆಸರು. ಚೀಟಿ ಬಿದ್ದದ್ದರ ಸುತ್ತ ಕೋಶ ಒಂದು ಚೀಲ ಹೆಣೆಯುತ್ತೆ. ಚೀಲ ಹೋಗಿ ಲೈಸೊಸೋಮ್ ಅನ್ನೋ ಆಮ್ಲ ತುಂಬಿದ ಇನ್ನೊಂದು ಚೀಲಕ್ಕೆ ಸೇರುತ್ತೆ. ಅಲ್ಲಿ ಎಲ್ಲ ಕರಗಿ, ಉಪಯೋಗಕ್ಕೆ ಬರೋ ಚೂರುಗಳು ಮತ್ತೆ ಕೋಶದ ಕೆಲಸಕ್ಕೆ ವಾಪಸ್ ಬರುತ್ತವೆ. ಈ ಇಡೀ ಕೆಲಸಕ್ಕೆ ವಿಜ್ಞಾನಿಗಳು ಮೈಟೊಫೇಜಿ ಅಂತಾರೆ. ನಮ್ಮ ತಿಪ್ಪೆ ಕೆಲಸವೂ ಇದೇ ತಾನೆ? ಮನೆಯ ಕಸ ಗೊಬ್ಬರವಾಗಿ ಹೊಲಕ್ಕೆ ಹೋಗುತ್ತೆ.

ನರಕೋಶಕ್ಕೆ ಇನ್ನೊಂದು ಕಷ್ಟ ಇದೆ, ದೂರ. ಸೊಂಟದ ಹತ್ತಿರದ ನರಕೋಶದ ಎಳೆ ಪಾದದ ತನಕ ಹೋಗುತ್ತೆ, ಹತ್ತಿರ ಹತ್ತಿರ 1 ಮೀಟರ್. ಡೋಪಮೈನ್ ಕೋಶದ ಎಳೆ ಅಷ್ಟು ದೂರ ಹೋಗಲ್ಲ, ಆದರೆ ಆಲದ ಮರದಂತೆ ಕವಲೊಡೆಯುತ್ತೆ. ಇಲಿಯ ಒಂದೇ ಕೋಶ ಲಕ್ಷಗಟ್ಟಲೆ ಕಡೆ ಸಂಪರ್ಕ ಮಾಡುತ್ತೆ. ಪ್ರತಿ ಕೊನೆಗೂ ಮೈಟೊಕಾಂಡ್ರಿಯ ಬೇಕು. ಕಸ ಕರಗಿಸೋ ಲೈಸೊಸೋಮ್‌ಗಳು ಹೆಚ್ಚಾಗಿ ಇರೋದು ಕೋಶದ ನಡುಮನೆಯಲ್ಲಿ. ಪಂಚಾಯಿತಿ ಆಫೀಸಿನ ಎದುರಿನ ಬೀದಿಯ ಕಸ ದಿನಾ ಹೋಗುತ್ತೆ, ಐದು ಕಿಲೋಮೀಟರ್ ದೂರದ ಹಟ್ಟಿಯ ಕಸ? ಆ ಕಥೆ ನಿಮಗೆ ನಾನು ಹೇಳಬೇಕಿಲ್ಲ.

2014ರಲ್ಲಿ ಇಲಿಗಳ ಕಣ್ಣಿನ ನರದಲ್ಲಿ ವಿಜ್ಞಾನಿಗಳು ಒಂದು ವಿಚಿತ್ರ ಕಂಡರು. ದೂರದ ಎಳೆಯಲ್ಲಿ ಕೆಟ್ಟ ಮೈಟೊಕಾಂಡ್ರಿಯಗಳನ್ನ ನರಕೋಶ ಪಕ್ಕದ ಆಸರೆ ಕೋಶಗಳಿಗೆ ದಾಟಿಸುತ್ತಿತ್ತು. ಆ ಕೋಶಗಳು ಅದನ್ನ ಕರಗಿಸುತ್ತಿದ್ದವು. ನೆರೆಮನೆಯವರ ಸಹಾಯ ಮೆದುಳಿನಲ್ಲೂ ಉಂಟು.

ಇದನ್ನೆಲ್ಲ ಒಬ್ಬರು ಒಂದೇ ದಿನ ಕಂಡುಹಿಡಿದದ್ದಲ್ಲ. 1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಆರು ಜನ ರೋಗಿಗಳ ಬಗ್ಗೆ ಒಂದು ಪುಟ್ಟ ಪುಸ್ತಕ ಬರೆದರು. ಆರರಲ್ಲಿ ಕೆಲವರನ್ನ ಅವರು ಗಮನಿಸಿದ್ದು ಬೀದಿಯಲ್ಲಿ. ಓದಿದಾಗ, ಇವರು ಒಳ್ಳೇ ವರದಿಗಾರರೂ ಆಗಿದ್ದರು ಅನ್ನಿಸಿತು. ಕೋಶ ತನ್ನದೇ ಕಸ ಕರಗಿಸಿಕೊಳ್ಳೋದು ಹೇಗೆ ಅಂತ ಜಪಾನಿನ ಯೋಶಿನೋರಿ ಓಸುಮಿ ಸೂಕ್ಷ್ಮದರ್ಶಕದಡಿ ಯೀಸ್ಟ್ ಇಟ್ಟುಕೊಂಡು ಬಿಡಿಸಿದರು. ಇಡ್ಲಿ ಹಿಟ್ಟು ಹುಳಿ ಬರುವಾಗ ಅದರಲ್ಲೂ ಇರುತ್ತಲ್ಲ, ಅದೇ ಜಾತಿಯ ಸೂಕ್ಷ್ಮಜೀವಿ. 2016ರಲ್ಲಿ ಅವರಿಗೆ ನೊಬೆಲ್ ಬಂತು.

1998ರಲ್ಲಿ ಜಪಾನಿನವರೇ, ಚಿಕ್ಕ ವಯಸ್ಸಿಗೇ ಪಾರ್ಕಿನ್ಸನ್ ಬರುತ್ತಿದ್ದ ಕುಟುಂಬಗಳಲ್ಲಿ ಪಾರ್ಕಿನ್ ಜೀನ್ ಹಾಳಾಗಿರೋದನ್ನ ಕಂಡರು. 2004ರಲ್ಲಿ ಯೂರೋಪಿನ ಕೆಲವು ಕುಟುಂಬಗಳಲ್ಲಿ ಪಿಂಕ್-1 ಜೀನಿನ ದೋಷ ಸಿಕ್ಕಿತು. 2006ರಲ್ಲಿ ಹಣ್ಣಿನ ನೊಣಗಳಲ್ಲಿ ಈ ಎರಡೂ ಒಂದೇ ದಾರಿಯಲ್ಲಿ ಕೆಲಸ ಮಾಡುತ್ತವೆ ಅಂತ ಗೊತ್ತಾಯ್ತು. 2008ರಲ್ಲಿ ಅಮೆರಿಕದ ರಿಚರ್ಡ್ ಯೂಲ್ ಅವರ ತಂಡ, ಕೆಟ್ಟ ಮೈಟೊಕಾಂಡ್ರಿಯವನ್ನೇ ಹುಡುಕಿಕೊಂಡು ಪಾರ್ಕಿನ್ ಹೋಗೋದನ್ನ ತೋರಿಸಿತು.

ಆ ಜೀನಿನ ದೋಷದ ಬಗ್ಗೆ ಓದುವಾಗ ನನ್ನ ಎದೆ ಸ್ವಲ್ಪ ಹೊಡಕೊಂಡಿತು. ತಾಯಿ ಕಡೆಯಿಂದ ಒಂದು, ತಂದೆ ಕಡೆಯಿಂದ ಒಂದು, ಎರಡೂ ಪ್ರತಿ ಕೆಟ್ಟಿದ್ದರೆ ಮಾತ್ರ ಆ ಬಗೆಯ ಕಾಯಿಲೆ ಬರೋದು. ರಕ್ತಸಂಬಂಧದಲ್ಲಿ ಮದುವೆ ಆದ ಮನೆಗಳಲ್ಲಿ ಹಾಗಾಗೋ ಸಾಧ್ಯತೆ ಹೆಚ್ಚು. ನಮ್ಮಜ್ಜಿಯನ್ನ ಅವಳ ಸೋದರಮಾವನಿಗೇ ಕೊಟ್ಟಿದ್ದರು. ಡಾಕ್ಟರಮ್ಮನನ್ನ ಕೇಳಿದೆ, "ನನಗೂ ಬರುತ್ತಾ?" ಅವರು, "ಅದು ಸಾಮಾನ್ಯವಾಗಿ 40ರ ಒಳಗೇ ಶುರುವಾಗೋ ಬಗೆ. ನಿಮ್ಮ ತಂದೆಗೆ ಕಾಣಿಸಿದ್ದು 60ರ ಹತ್ತಿರ. ಹೀಗೆ ತಡವಾಗಿ ಬರೋದು ಹೆಚ್ಚಿನ ಮನೆಗಳಲ್ಲಿ ತಂದೆಯಿಂದ ಮಗನಿಗೆ ನೇರ ಬರಲ್ಲ" ಅಂದರು.

ಹಾಗಾದರೆ ಜೀನ್ ಸರಿಯಿದ್ದವರಿಗೆ ಯಾಕೆ? ಇಲ್ಲೇ ವಯಸ್ಸು ಬರೋದು. ವಯಸ್ಸಾದಂತೆ ಮೈಟೊಕಾಂಡ್ರಿಯ ಕೆಡೋದು ಜಾಸ್ತಿ, ಎತ್ತೋ ಕೆಲಸ ನಿಧಾನ. ಲೈಸೊಸೋಮ್‌ಗಳ ಬಿರುಸು ಇಳಿಯುತ್ತೆ. ಕರಗದೇ ಉಳಿದ ಗಸಿ ಕಂದು ಬಣ್ಣದ ಕಣಗಳಾಗಿ ಮುದಿ ನರಕೋಶಗಳಲ್ಲಿ ಕೂರುತ್ತೆ. ಅದಕ್ಕೆ ಲಿಪೊಫುಸಿನ್ ಅಂತಾರೆ. ಇದು ನಮ್ಮೆಲ್ಲರಿಗೂ ಆಗೋದೇ. ಮರೆವಿನ ಅಲ್ಜೈಮರ್ ಕಾಯಿಲೆಯಲ್ಲೂ ಈ ವಿಲೇವಾರಿ ಕುಂದಿರುತ್ತೆ ಅಂತ 2019ರ ಸಂಶೋಧನೆ ತೋರಿಸಿದೆ. ಡೋಪಮೈನ್ ಕೋಶಗಳಿಗೆ ಪೆಟ್ಟು ಮೊದಲು ಬೀಳೋಕೆ ಕಾರಣ, ಅವು ಯಾರೂ ಕರೆಯದಿದ್ದರೂ ಹಗಲು ರಾತ್ರಿ ಮಿಡಿಯುತ್ತಲೇ ಇರುತ್ತವೆ. ಅವುಗಳ ಮೈಟೊಕಾಂಡ್ರಿಯಕ್ಕೆ ಹೊರೆ ಜಾಸ್ತಿ.

ಮೈಟೊಕಾಂಡ್ರಿಯಕ್ಕೆ ಪೆಟ್ಟು ಬಿದ್ದರೆ ಏನಾಗುತ್ತೆ ಅನ್ನೋದಕ್ಕೆ ಒಂದು ಕೆಟ್ಟ ಉದಾಹರಣೆ 1982ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಸಿಕ್ಕಿತು. ಕಳ್ಳತನದಲ್ಲಿ ತಯಾರಾದ ಮಾದಕವಸ್ತು ಚುಚ್ಚಿಕೊಂಡ ಕೆಲವು ಯುವಕ ಯುವತಿಯರು ಕೆಲವೇ ದಿನದಲ್ಲಿ ಮುದಿ ಪಾರ್ಕಿನ್ಸನ್ ರೋಗಿಗಳಂತೆ ಮರಗಟ್ಟಿ ಕೂತರು. ಅದರಲ್ಲಿ ಬೆರೆತಿದ್ದ ಒಂದು ವಿಷ ಮೆದುಳಿಗೆ ಹೋಗಿ ಡೋಪಮೈನ್ ಕೋಶಗಳ ಮೈಟೊಕಾಂಡ್ರಿಯವನ್ನ ಕಟ್ಟಿಹಾಕಿತ್ತು. ಕಳೆನಾಶಕ ಪ್ಯಾರಾಕ್ವಾಟ್‌ನ ರಚನೆ ಆ ವಿಷಕ್ಕೆ ಹತ್ತಿರದ್ದು. ಅಮೆರಿಕದಲ್ಲಿ ಅದನ್ನ ಬಳಸಿದ ಕೃಷಿಕರಲ್ಲಿ ಪಾರ್ಕಿನ್ಸನ್ ಹೆಚ್ಚಿರೋದು 2011ರ ಅಧ್ಯಯನದಲ್ಲಿ ಕಂಡಿತು. ಇಂಥವರಿಗೆ ಇದರಿಂದಲೇ ಬಂತು ಅಂತ ಒಬ್ಬೊಬ್ಬರ ಬಗ್ಗೆ ಹೇಳೋಕಾಗಲ್ಲ. ಆದರೂ ಬರಿಗೈಲಿ ಔಷಧಿ ಕಲೆಸೋರು, ಗಾಳಿಗೆ ಎದುರಾಗಿ ನಿಂತು ಹೊಡೆಯೋರು ನಮ್ಮ ಕಡೆ ಎಷ್ಟು ಜನ ಇದ್ದಾರೆ ಅಂತ ನಿಮಗೂ ಗೊತ್ತು. ಕೈಗವಸು, ಮುಖಕ್ಕೆ ಮಾಸ್ಕು, ಉದ್ದ ತೋಳಿನ ಅಂಗಿ ಹಾಕಿಕೊಳ್ಳಿ. ಇಷ್ಟನ್ನಾದರೂ ಮಾಡಿ.

ಇನ್ನು ಔಷಧಿ ವಿಷಯ. ಅಪ್ಪ ತಗೊಳ್ಳೋ ಲೆವೊಡೋಪ ಮಾತ್ರೆ ಮೆದುಳಿಗೆ ಹೋಗಿ ಡೋಪಮೈನ್ ಆಗುತ್ತೆ. ಕಡಿಮೆಯಾದದ್ದನ್ನ ತುಂಬಿಕೊಡುತ್ತೆ. ಕೋಶದೊಳಗಿನ ಕಸ ಎತ್ತಲ್ಲ, ಸತ್ತ ಕೋಶ ಬದುಕಿಸಲ್ಲ. ಆದರೆ ಆ ಮಾತ್ರೆಯಿಂದಲೇ ಅಪ್ಪ ಈಗ ತನ್ನ ತಟ್ಟೆಯ ಊಟ ತಾನೇ ಮಾಡ್ತಾನೆ. ಟೈಮಿಗೆ ಸರಿಯಾಗಿ ತಗೋಬೇಕು, ಡಾಕ್ಟರನ್ನ ಕೇಳದೆ ಏಕಾಏಕಿ ನಿಲ್ಲಿಸಬಾರದು.

ಈ ಲೆವೊಡೋಪ ನಮ್ಮ ಬೇಲಿಯಲ್ಲೇ ಬೆಳೆಯೋ ನಸುಗುನ್ನಿ ಬೀಜದಲ್ಲಿದೆ, ಮೈಗೆ ತಾಗಿದರೆ ತುರಿಕೆ ಹತ್ತಿಸೋ ಅದೇ ಕಾಯಿ. 1937ರಲ್ಲಿ ದಾಮೋದರನ್ ಮತ್ತು ರಾಮಸ್ವಾಮಿ ಅನ್ನೋ ಇಬ್ಬರು ವಿಜ್ಞಾನಿಗಳು ಅದನ್ನ ಬೀಜದಿಂದ ಬೇರ್ಪಡಿಸಿ ತೋರಿಸಿದ್ದರು. ಹಾಗಂತ ಬೀಜ ಕುಟ್ಟಿ ಕುಡಿಯೋಕೆ ಹೋಗಬೇಡಿ. ಒಂದೊಂದು ಬೀಜದಲ್ಲಿ ಒಂದೊಂದು ಪ್ರಮಾಣ. ಮಾತ್ರೆ ಜೊತೆ ಅದೂ ಸೇರಿದರೆ ಅಳತೆ ತಪ್ಪುತ್ತೆ.

ಹೋದ ವರ್ಷ ನಮ್ಮನೆಗೊಬ್ಬರು 'ಮೈಟೊಕಾಂಡ್ರಿಯ ಕ್ಲೀನ್ ಮಾಡೋ ಪೌಡರ್' ಅಂತ ಒಂದು ಡಬ್ಬಿ ತಂದಿದ್ದರು. 2,400 ರೂಪಾಯಿ. ಮೂರು ಡಬ್ಬಿ ಕುಡಿದರೆ ಕೈ ನಡುಕ ನಿಲ್ಲುತ್ತಂತೆ. ಅಮ್ಮ ಸೆರಗಿನ ಗಂಟು ಬಿಚ್ಚೋಕೆ ತಯಾರಾಗಿದ್ದಳು. ಅವರನ್ನ ಕೂರಿಸಿ ಕಾಫಿ ಕೊಟ್ಟು ಕಳಿಸಿದೆ. ಈ ವಿಲೇವಾರಿ ಕೆಲಸವನ್ನ ಚುರುಕು ಮಾಡಿ ಪಾರ್ಕಿನ್ಸನ್ ತಡೆಯುತ್ತೆ ಅಂತ ಮನುಷ್ಯರಲ್ಲಿ ಸಾಬೀತಾದ ಔಷಧಿ ಇನ್ನೂ ಒಂದೂ ಇಲ್ಲ. ಪ್ರಯೋಗಗಳು ನಡೀತಿವೆ. ಇವತ್ತಿಗೆ ಕೈಯಲ್ಲಿರೋದು ಮಾತ್ರೆ ಮತ್ತು ವ್ಯಾಯಾಮ. ಬಿರುಸಾಗಿ ನಡೆದರೆ ರೋಗಿಗಳ ಚಲನೆ ಸುಧಾರಿಸುತ್ತೆ. ಅಪ್ಪನನ್ನ ದಿನಾ ಬೆಳಿಗ್ಗೆ ಕೆರೆ ಏರಿ ಮೇಲೆ ನಡೆಸ್ತೀನಿ. "ಕೈ ಬೀಸು" ಅಂತ ನೆನಪಿಸಬೇಕು, ಅಷ್ಟೇ.

ಅವತ್ತು ಅಟ್ಟದಿಂದ ಪುಸ್ತಕಗಳನ್ನ ಇಳಿಸಿಕೊಂಡು ಬಂದು ಅಪ್ಪನ ಮುಂದೆ ಇಟ್ಟೆ. ತಿರುವಿ ಹಾಕುತ್ತಾ ಹೆಸರುಗಳನ್ನ ಓದಿದ. ಅರ್ಧ ಜನ ಈಗಿಲ್ಲ. 2018ರ ಪುಸ್ತಕಕ್ಕೆ ಬಂದಾಗ ನಾನು ಹೇಳಬೇಕಾದದ್ದನ್ನ ಹೇಳಿದೆ. "ಅವತ್ತು ಹಂಗೆ ಕೇಳಬಾರದಿತ್ತು ಅಪ್ಪ. ತಪ್ಪಾಯ್ತು."

"ಏನೋ ಆಗ್ತಿದೆ ಅಂತ ನಂಗೂ ಗೊತ್ತಿತ್ತು. ಹೇಳ್ಕೊಳ್ಳೋಕೆ ನಾಚಿಕೆ" ಅಂದ. ಸ್ವಲ್ಪ ಹೊತ್ತು ಬಿಟ್ಟು, "ಡೇರಿಯೋರಿಗೂ ಹೇಳು" ಅಂದ.

ಹೇಳಿದೆ. ಸಂಜೆ ಹಾಲು ಹಾಕೋ ಹೊತ್ತಿಗೆ ಹೋಗಿ, ಜಗಲಿ ಮೇಲೆ ಕೂತವರಿಗೆ ಎರಡು ಪುಸ್ತಕ ಪಕ್ಕ ಪಕ್ಕ ಇಟ್ಟು ತೋರಿಸಿದೆ. ಯಾರೂ ಜಾಸ್ತಿ ಮಾತಾಡಲಿಲ್ಲ. ಎಲ್ಲ ಎದ್ದು ಹೋದ ಮೇಲೆ ಒಬ್ಬರು ಹಿಂದೆ ಉಳಿದು, "ನಮ್ಮಣ್ಣಂಗೂ ಹಿಂಗೇ ಕಾಲು ಎಳೀತದೆ ಕಣಪ್ಪ, ಯಾವ ಆಸ್ಪತ್ರೆಗೆ ಹೋದ್ರಿ?" ಅಂತ ಕೇಳಿದರು. ಅದಕ್ಕೇ ಇದನ್ನ ಬರೆದೆ.

ನಿಮ್ಮ ಮನೆಯಲ್ಲೂ ನೋಡಿ. ಹಿರಿಯರ ಅಕ್ಷರ ಸಣ್ಣಗಾಗ್ತಿದೆಯಾ, ನಡೆಯುವಾಗ ಒಂದು ಕೈ ಬೀಸುತ್ತಿಲ್ವಾ, ಸುಮ್ಮನೆ ಕೂತಾಗ ಕೈ ನಡುಗುತ್ತಾ, ದನಿ ಮೆತ್ತಗಾಗಿದೆಯಾ, ಒಗ್ಗರಣೆ ವಾಸನೆ ಗೊತ್ತಾಗ್ತಿಲ್ವಾ, ನಿದ್ದೆಯಲ್ಲಿ ಕೈಕಾಲು ಒದರಿ ಕೂಗ್ತಾರಾ? ಇವುಗಳಲ್ಲಿ ಒಂದಿದ್ದ ಮಾತ್ರಕ್ಕೆ ಪಾರ್ಕಿನ್ಸನ್ ಅಲ್ಲ. ಎರಡು ಮೂರು ಒಟ್ಟಿಗೆ ಕಂಡರೆ ನರರೋಗ ತಜ್ಞರಿಗೆ ತೋರಿಸಿ. ಹಳೇ ಬರಹ ಇದ್ದರೆ ಜೊತೆಗೆ ತಗೊಂಡು ಹೋಗಿ. ಕುಡಿದಿದ್ದಾರೆ ಅಂತ ಮಾತ್ರ ಅನ್ನೋಕೆ ಹೋಗಬೇಡಿ.

ಅಪ್ಪನಿಗೀಗ ಮಕ್ಕಳ ಕಾಪಿ ಪುಸ್ತಕ ತಂದುಕೊಟ್ಟಿದ್ದೀನಿ. ಎರಡು ಗೆರೆ ನಡುವೆ ದೊಡ್ಡದಾಗಿ ಬರೆಯೋದು ಡಾಕ್ಟರಮ್ಮ ಹೇಳಿಕೊಟ್ಟ ಅಭ್ಯಾಸ. ದಿನಾ ಒಂದು ಪುಟ. ಹಾಲು ಹಾಕುತ್ತಿದ್ದವರ ಹೆಸರನ್ನೇ ಬರೀತಾನೆ, ಸರಣಿ ಪ್ರಕಾರ, ಒಂದೂ ಮರೆತಿಲ್ಲ. ಸಾಲಿನ ಅರ್ಧಕ್ಕೆ ಅಕ್ಷರ ಕುಗ್ಗೋಕೆ ಶುರುವಾಗುತ್ತೆ. "ಅಪ್ಪ, ದೊಡ್ಡದು" ಅಂತೀನಿ. ತಲೆ ಎತ್ತದೆ ಮುಂದಿನ ಹೆಸರನ್ನ ಗೆರೆ ಮುಟ್ಟೋ ಹಾಗೆ ಬರೀತಾನೆ.